ತಂತ್ರಾಂಶ ಸಂಶೋಧನೆಗೊಂದು ಚಾಕಿಮನೆ

ತಂತ್ರಾಂಶ ವಿಜ್ಞಾನದ ಚರ್ಚೆಯಲ್ಲಿ ಚಾಮರಾಜನಗರ ತಾಲ್ಲೂಕಿನ ಕುದೇರು ಎಂಬ ಊರಿನ ಹೆಸರನ್ನು ತರುವುದು ಕೆಲವರಿಗೆ ಅಪ್ರಸ್ತುತವಾಗಿ ತೋರಬಹುದು. ಆದರೆ ವಿದ್ವಾಂಸರ ನಡುವೆ ಹುಟ್ಟಿದ ಅರಿವು ದುಡಿಯುವ ಜನರ ಕೈಗೆ ಯಾವ ದಾರಿಯಲ್ಲಿ ಬಂದು ಸೇರುತ್ತದೆ, ಯಾವ ಎಡೆಯಲ್ಲಿ ತಡೆದು ನಿಂತುಬಿಡುತ್ತದೆ ಎಂಬುದನ್ನು ವಿಚಾರಿಸತಕ್ಕವನಿಗೆ ಈ ಸೀಮೆಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಜಿಲ್ಲೆಯ ಹಾಲು ಉತ್ಪಾದಕರ ಒಕ್ಕೂಟದ ಡೇರಿ ಇರುವುದು ಕುದೇರಿನಲ್ಲಿಯೇ. ಸುತ್ತಣ ಹಳ್ಳಿಗಳ ಸಂಘಗಳಿಂದ ಹೊತ್ತುಹೊತ್ತಿಗೆ ಹಾಲು ಅಲ್ಲಿಗೆ ಬಂದು ಸೇರುತ್ತದೆ. ಇನ್ನು ರೇಷ್ಮೆಯೆಂಬುದು ಚಾಮರಾಜನಗರ, ಯಳಂದೂರು, ಕೊಳ್ಳೇಗಾಲಗಳ ಬೇಸಾಯಗಾರನಿಗೆ ತಲೆಮಾರುಗಳಿಂದ ಪರಿಚಿತವಾದ ಕಸುಬು. ಹಾಲು, ರೇಷ್ಮೆ ಈ ಎರಡೂ ಪ್ರಯೋಗಶಾಲೆಯ ಋಣವನ್ನು ಹೊತ್ತಿವೆ; ಆ ಋಣ ಯಾವುದೆಂಬುದನ್ನು ರೈತನು ಬೆರಳು ಮಡಿಸಿ ಎಣಿಸಬಲ್ಲನು. ಈಗ ಇವೆರಡರ ಮೇಲೂ ತಂತ್ರಾಂಶವೆಂಬ ಮೂರನೆಯ ವಸ್ತುವೊಂದು ಬಂದು ಕುಳಿತಿದೆ. ಹಾಲಿನ ಫ್ಯಾಟ್ ಎಷ್ಟೆಂಬುದನ್ನು, ಅದಕ್ಕೆ ಸಲ್ಲುವ ದರ ಎಷ್ಟೆಂಬುದನ್ನು, ಪಹಣಿಯಲ್ಲಿ ಯಾರ ಹೆಸರಿದೆಯೆಂಬುದನ್ನು ಹೇಳುವುದು ಇಂದು ಅದೇ. ಆ ಮೂರನೆಯದಕ್ಕೆ ಮಾತ್ರ ಸಂಶೋಧನೆಯ ಋಣ ಎಷ್ಟು ಸಂದಿದೆಯೆಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬಾರದು. ಈ ವ್ಯತ್ಯಾಸಕ್ಕೆ ಕಾರಣ ಸಂಶೋಧಕರ ಆಲಸ್ಯವೂ ಅಲ್ಲ, ತಯಾರಕರ ಅಜ್ಞಾನವೂ ಅಲ್ಲ, ಇವರಿಬ್ಬರ ನಡುವೆ ಇರಬೇಕಾದ ಒಂದು ಸಂಸ್ಥೆಯ ಅಭಾವವೇ ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ.

ಮೊದಲು ರೇಷ್ಮೆಯ ಮಾತು. ಕೇಂದ್ರ ರೇಷ್ಮೆ ಮಂಡಳಿ 1949ರಲ್ಲಿಯೂ, ಅದರ ಆಶ್ರಯದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1961ರಲ್ಲಿಯೂ ಸ್ಥಾಪಿತವಾದವು. ಸಂಸ್ಥೆಯ ಹೆಸರಿನಲ್ಲಿಯೇ ಸಂಶೋಧನೆ, ತರಬೇತಿ ಎಂಬ ಎರಡು ಪದಗಳು ಒಟ್ಟಿಗೆ ಇರುವುದನ್ನು ವಾಚಕರು ಗಮನಿಸಬೇಕು. ಅದನ್ನು ಕಟ್ಟಿದವರು ಕಂಡುಹಿಡಿಯುವ ಕೆಲಸವನ್ನೂ ಕಲಿಸುವ ಕೆಲಸವನ್ನೂ ಎರಡು ಇಲಾಖೆಗಳಿಗೆ ಹಂಚಿ ಕೈತೊಳೆದುಕೊಳ್ಳಲಿಲ್ಲ. ಹೆಚ್ಚು ಸೊಪ್ಪು ಕೊಡುವ ವಿ-1 ಹಿಪ್ಪುನೇರಳೆ, ಜಪಾನಿನ ತಜ್ಞರ ಸಹಕಾರದಿಂದ 1990ರ ದಶಕದಲ್ಲಿ ರೂಪುಗೊಂಡ ಸಿಎಸ್‌ಆರ್-2, ಸಿಎಸ್‌ಆರ್-4 ಎಂಬ ದ್ವಿತಳಿಗಳ ಸಂಕರ, ಹುಳುವಿನ ಹಾಸಿಗೆಗೆ ಉದುರಿಸುವ ವಿಜೇತ ಪುಡಿ, 1980ರ ಸುಮಾರಿಗೆ ಕರ್ನಾಟಕವನ್ನು ಹೊಕ್ಕು ಬೆಳೆಯನ್ನು ಹಾಳುಗೆಡವಿದ ಊಜಿ ನೊಣವನ್ನು ಅದರ ಪರಾವಲಂಬಿ ಕೀಟದಿಂದಲೇ ಹತೋಟಿಗೆ ತರುವ ಉಪಾಯ, ಎಲೆ ಬಿಡಿಸಿ ಹಾಕುವ ಶ್ರಮವನ್ನು ತಪ್ಪಿಸುವ ರೆಂಬೆ ಪದ್ಧತಿ ಇವೆಲ್ಲ ಶಾಸ್ತ್ರಜ್ಞರ ಕೊಠಡಿಯಿಂದ ಹೊರಟು ಹುಳುಮನೆಯ ನಿತ್ಯದ ಮಾತುಗಳಾದವು. ರೈತನು ಅವನ್ನು ಸಂಶೋಧನೆಯ ಫಲವೆಂದು ಬಗೆಯುವುದಿಲ್ಲ. ತನ್ನ ಕಸುಬಿನ ಪದ್ಧತಿಯೆಂದೇ ತಿಳಿಯುತ್ತಾನೆ. ವಿದ್ಯೆಯೊಂದು ನೆಲೆಗೊಂಡುದಕ್ಕೆ ಇದಕ್ಕಿಂತ ದೃಢವಾದ ಸಾಕ್ಷ್ಯ ಬೇಕಿಲ್ಲ.

ಈ ನೆಲೆಗೊಳ್ಳುವಿಕೆ ತಾನಾಗಿ ಆದುದಲ್ಲ. ರೇಷ್ಮೆ ಹುಳುವಿನ ಬಾಳಿನಲ್ಲಿ ನಾಲ್ಕು ಜ್ವರಗಳು, ಎಂದರೆ ಪೊರೆ ಕಳಚುವ ಹಂತಗಳು, ಉಂಟು. ಮೊಟ್ಟೆಯೊಡೆದು ಎರಡನೆಯ ಜ್ವರ ದಾಟುವವರೆಗಿನ ಎಳೆಯ ಅವಸ್ಥೆಗೆ ಚಾಕಿ ಎಂದು ಹೆಸರು. ಈ ಕೆಲವು ದಿನಗಳಲ್ಲಿ ಶಾಖವೂ ತೇವವೂ ತಕ್ಕಷ್ಟಿರಬೇಕು, ಸೊಪ್ಪು ಎಳಸಾಗಿರಬೇಕು, ಕೊಠಡಿ ಶುದ್ಧವಾಗಿರಬೇಕು. ಆಗ ಆದ ಲೋಪ ಕಡೆಯ ಜ್ವರ ಕಳೆದು ಹುಳು ಹಣ್ಣಾಗುವ ಹೊತ್ತಿಗೆ ಗೂಡಿನ ನಷ್ಟವಾಗಿ ಪ್ರಕಟವಾಗುತ್ತದೆ. ದ್ವಿತಳಿಯ ಹುಳು ಮೈಸೂರು ತಳಿಯಷ್ಟು ಸಹಿಷ್ಣುವಲ್ಲವಾದ್ದರಿಂದ, ಈ ಎಳೆಯ ಹಂತವನ್ನು ಪ್ರತಿಯೊಬ್ಬ ರೈತನ ಮನೆಯಲ್ಲಿಯೇ ದಾಟಿಸುತ್ತೇವೆಂದು ಹಟ ಹಿಡಿದಿದ್ದರೆ ಮೈಸೂರಿನ ಆ ಶ್ರೇಷ್ಠ ಸಂಕರ ತಳಿ ಒಂದೆರಡು ಬೆಳೆಗಳಲ್ಲಿ ಅಪಕೀರ್ತಿಗೆ ಗುರಿಯಾಗಿ ಮೂಲೆ ಸೇರುತ್ತಿತ್ತು. ಹಾಗಾಗದಂತೆ ಕಾಯ್ದದ್ದು ಚಾಕಿ ಸಾಕಾಣಿಕೆ ಕೇಂದ್ರ. ಅದು ಪ್ರಯೋಗಶಾಲೆಯಲ್ಲ, ರೈತನ ಹುಳುಮನೆಯೂ ಅಲ್ಲ. ಮೊಟ್ಟೆಯನ್ನು ತಂದು, ಹುಳುವಿಗೆ ಎರಡು ಜ್ವರ ದಾಟಿಸಿ, ಗಟ್ಟಿಯಾದ ಮೇಲೆ ಬೆಲೆ ಕಟ್ಟಿ ರೈತನಿಗೆ ಒಪ್ಪಿಸುವ ಮಧ್ಯದ ಮನೆ ಅದು. ಅದರ ಜೊತೆಗೆ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರವಿದೆ. ಅಲ್ಲಿಯ ಸಿಬ್ಬಂದಿ ಹುಳುಮನೆಗೆ ಬಂದು ನೋಡುತ್ತಾರೆ, ರೋಗ ಕಂಡರೆ ಹೇಳುತ್ತಾರೆ, ರೈತನ ಆಕ್ಷೇಪವನ್ನು ಮೇಲಕ್ಕೆ ಮುಟ್ಟಿಸುತ್ತಾರೆ. ತಂತ್ರಾಂಶ ಸಂಶೋಧನೆಗೆ ನಮ್ಮಲ್ಲಿ ಇಲ್ಲದಿರುವುದು ಈ ಚಾಕಿಮನೆಯೇ ಎಂಬುದನ್ನು ಮುಂದೆ ತೋರಿಸಲು ಯತ್ನಿಸುತ್ತೇನೆ.

ಹೊಸ ವಿದ್ಯೆ ಜನರ ನಡುವೆ ಹೇಗೆ ಹರಡುತ್ತದೆ ಎಂಬ ಶಾಸ್ತ್ರವೇ ಬೇಸಾಯದ ಹೊಲದಲ್ಲಿ ಹುಟ್ಟಿತೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ಅಮೆರಿಕದ ಅಯೋವ ಪ್ರಾಂತ್ಯದಲ್ಲಿ ಸಂಕರ ಮೆಕ್ಕೆಜೋಳದ ಬೀಜ ಹೇಗೆ ಬಳಕೆಗೆ ಬಂತೆಂಬುದನ್ನು 259 ಮಂದಿ ರೈತರನ್ನು ಕೇಳಿ ತಿಳಿದು, ರಯನ್ ಮತ್ತು ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1943ರಲ್ಲಿ ಪ್ರಕಟಿಸಿದರು. ಬೀಜದ ಸುದ್ದಿಯನ್ನು ಮೊದಲು ತಂದವನು ಮಾರಾಟಗಾರ. ಆದರೆ ಬಿತ್ತುವ ಮನಸ್ಸನ್ನು ಮಾಡಿಸಿದವನು ನೆರೆಹೊರೆಯ ರೈತ ಎಂಬುದು ಅವರ ಮುಖ್ಯ ನಿರ್ಣಯಗಳಲ್ಲಿ ಒಂದು. ಎವರೆಟ್ ರೋಜರ್ಸ್ 1962ರಲ್ಲಿ ಬರೆದ ಪ್ರಸಿದ್ಧ ಗ್ರಂಥ ಈ ಅಸ್ತಿಭಾರದ ಮೇಲೆಯೇ ನಿಂತಿದೆ. ತಂತ್ರಾಂಶ ರಚನಾಶಾಸ್ತ್ರಕ್ಕೆ ಆ ಹೆಸರು ರೂಢವಾದದ್ದು 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನಡೆದ ನ್ಯಾಟೋ ಸಮ್ಮೇಳನದಿಂದ. ಅದಾಗಿ ಹದಿನೇಳು ವರ್ಷಗಳ ಮೇಲೆ, 1985ರಲ್ಲಿ, ರೆಡ್‌ವೈನ್ ಮತ್ತು ರಿಡಲ್ ಎಂಬವರು ಈ ಶಾಸ್ತ್ರದ ಹಲವು ತಂತ್ರಗಳ ಇತಿಹಾಸವನ್ನು ಶೋಧಿಸಿ, ಒಂದು ಕಲ್ಪನೆ ಮೊದಲು ಮೂಡಿದ ಕಾಲದಿಂದ ಅದು ಸರ್ವಸಾಮಾನ್ಯ ಬಳಕೆಗೆ ಬರುವುದಕ್ಕೆ ಹದಿನೈದರಿಂದ ಇಪ್ಪತ್ತು ವರ್ಷ ಹಿಡಿಯುತ್ತದೆಂದು ತೋರಿಸಿದರು. ವಾರಕ್ಕೊಮ್ಮೆ ರೂಪ ಬದಲಿಸುವುದೆಂದು ಹೆಸರಾದ ಉದ್ಯಮದಲ್ಲಿ ಜ್ಞಾನದ ನಡಿಗೆ ಇಷ್ಟು ಮಂದವಾಗಿರುವುದನ್ನು ಕಂಡು ಸೋಜಿಗಪಡುವವರು, ಈ ಎರಡು ವೇಗಗಳೂ ಬೇರೆಬೇರೆ ವಸ್ತುಗಳಿಗೆ ಸೇರಿದವೆಂಬುದನ್ನು ಮರೆಯುತ್ತಾರೆ. ಉಪಕರಣ ಬೇಗ ಬದಲಾಗುತ್ತದೆ. ಕೆಲಸ ಮಾಡುವ ಬಗೆಯೋ ಮನುಷ್ಯನ ಅಭ್ಯಾಸವಾದುದರಿಂದ, ಪಕ್ಕದವನ ಕೈಯಲ್ಲಿ ಫಲಿಸಿದುದನ್ನು ಕಾಣದೆ ಅವನು ಅದನ್ನು ಬಿಟ್ಟುಕೊಡಲಾರ.

ನಮ್ಮ ನಾಡಿನಲ್ಲಿಯೇ ಇಂತಹ ವರ್ಗಾವಣೆಯ ಒಂದು ದೊಡ್ಡ ಪ್ರಕರಣ ನಡೆದಿದೆ, ಅದನ್ನು ನಾವು ಸಾಕಷ್ಟು ವಿವೇಚಿಸಿಲ್ಲ. ಅಮೆರಿಕದ ರಕ್ಷಣಾ ಇಲಾಖೆ ತಾನು ಹಣ ಕೊಟ್ಟು ಬರೆಯಿಸಿದ ತಂತ್ರಾಂಶಗಳು ಹೊತ್ತಿಗೆ ಸರಿಯಾಗಿ ಮುಗಿಯದೆ, ಮುಗಿದವು ನೆಟ್ಟಗೆ ನಡೆಯದೆ ಬೇಸತ್ತು, ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 1984ರಲ್ಲಿ ತಂತ್ರಾಂಶ ರಚನಾ ಸಂಸ್ಥೆಯೊಂದನ್ನು ತೆರೆಯಿಸಿತು. ಐಬಿಎಂನಲ್ಲಿ ಬಹುಕಾಲ ದುಡಿದ ವಾಟ್ಸ್ ಹಂಫ್ರಿ 1986ರಲ್ಲಿ ಅಲ್ಲಿಗೆ ಬಂದು, ಕಾರ್ಖಾನೆಯ ಗುಣನಿಯಂತ್ರಣದಲ್ಲಿ ಶ್ಯೂಹಾರ್ಟ್, ಡೆಮಿಂಗ್ ಮುಂತಾದವರು ಬೆಳೆಸಿದ ವಿಚಾರಗಳನ್ನು ತಂತ್ರಾಂಶದ ಕೆಲಸಕ್ಕೆ ಅನ್ವಯಿಸಿದರು. ಆ ಪ್ರಯತ್ನವೇ ಮುಂದೆ ಐದು ಹಂತಗಳ ಪರಿಪಕ್ವತಾ ಮಾದರಿಯಾಗಿ, ಸಿಎಂಎಂ ಎಂಬ ಹೆಸರಿನಿಂದ 1991ರಲ್ಲಿ ಪ್ರಕಟವಾಯಿತು. ಪಿಟ್ಸ್‌ಬರ್ಗಿನಲ್ಲಿ ಹುಟ್ಟಿದ ಈ ಮಾದರಿ ತನ್ನ ತವರಿಗಿಂತ ಹೆಚ್ಚಿನ ಶ್ರದ್ಧೆಯಿಂದ ಪಾಲಿಸಲ್ಪಟ್ಟದ್ದು ಬೆಂಗಳೂರಿನಲ್ಲಿ. ಮೊಟರೋಲ ಕಂಪನಿಯ ಬೆಂಗಳೂರು ಘಟಕ 1990ರ ದಶಕದ ಪೂರ್ವಾರ್ಧದಲ್ಲಿಯೇ ಐದನೆಯ ಹಂತವನ್ನು ಮುಟ್ಟಿ ಜಗತ್ತಿನ ಗಮನ ಸೆಳೆಯಿತು. ಆ ದಶಕ ಮುಗಿಯುವುದರೊಳಗೆ ಇನ್ಫೋಸಿಸ್, ವಿಪ್ರೋಗಳೂ ಆ ಹಂತಕ್ಕೇರಿದವು. ಕಾನ್ಪುರದ ಐಐಟಿಯ ಪ್ರಾಧ್ಯಾಪಕರಾದ ಪಂಕಜ್ ಜಲೋಟೆ 1996ರಿಂದ 1998ರವರೆಗೆ ಇನ್ಫೋಸಿಸ್‌ನಲ್ಲಿ ಗುಣಮಟ್ಟದ ಹೊಣೆ ಹೊತ್ತು, ಅಲ್ಲಿ ಈ ಮಾದರಿ ದಿನನಿತ್ಯದ ಕೆಲಸದಲ್ಲಿ ಹೇಗೆ ನಡೆಯುತ್ತದೆಂಬುದನ್ನು ಒಂದು ಗ್ರಂಥವಾಗಿ ಬರೆದರು. ಅಧ್ಯಾಪಕನೊಬ್ಬನು ತರಗತಿಯಿಂದ ಎದ್ದು ಉದ್ಯಮದ ಒಳಗೆ ಹೋಗಿ ಕುಳಿತು, ಕಂಡುದನ್ನು ಬರೆದು, ಮತ್ತೆ ತರಗತಿಗೆ ಹಿಂದಿರುಗಿದ ಈ ಸಂಚಾರವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಇಂತಹವರು ನಮ್ಮಲ್ಲಿ ಇನ್ನೂ ನೂರಾರು ಮಂದಿ ಇರಬೇಕಾಗಿತ್ತು.

ಆದರೆ ಈ ಜಯದ ಕಾರಣವನ್ನು ಬಿಡಿಸಿ ನೋಡಿದರೆ ಅದರ ಮಿತಿಯೂ ಕಾಣುತ್ತದೆ. ಬೆಂಗಳೂರು ಆ ಮಾದರಿಯನ್ನು ಅಪ್ಪಿಕೊಂಡದ್ದು ಮುಖ್ಯವಾಗಿ ಸಮುದ್ರದಾಚೆಯ ಗಿರಾಕಿ ಕಣ್ಣಿಂದ ಕಾಣದ ಕೆಲಸಗಾರನನ್ನು ನಂಬುವುದಕ್ಕೆ ಒಂದು ಮುದ್ರೆಯನ್ನು ಕೇಳಿದ್ದರಿಂದ. ಅಗತ್ಯವಿದ್ದೆಡೆಗೆ ವಿದ್ಯೆ ಬೇಗ ಹರಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಿದ್ದರೆ ಅದು ಮುದ್ರೆ ಬಂದ ಮೇಲೆ ಅದರ ಹಿಂದಿನ ಪ್ರಶ್ನೆಯನ್ನು ಮರೆತದ್ದರಲ್ಲಿದೆ. ಹಂಫ್ರಿ ಕೇಳಿದ ಪ್ರಶ್ನೆ, ನಿಮ್ಮ ಕೆಲಸದ ದೋಷಗಳನ್ನು ನೀವೇ ಅಳೆದು ಅವುಗಳಿಂದ ಏನು ಕಲಿತಿರಿ ಎಂಬುದಾಗಿತ್ತು. ಪ್ರಮಾಣಪತ್ರವಾದರೋ ಅಳೆದಿದ್ದೀರಿ ಎಂಬುದಕ್ಕೆ ಮಾತ್ರ ಸಾಕ್ಷಿಯಾಗಬಲ್ಲುದು, ಕಲಿತಿರಿ ಎಂಬುದಕ್ಕೆ ಆಗಲಾರದು. ಅಲ್ಲದೆ, ರಫ್ತಿನ ಗಿರಾಕಿಗಾಗಿ ಬಂದ ಈ ಶಿಸ್ತು ನಮ್ಮ ನಾಡಿನೊಳಗಿನ ಸಣ್ಣ ಗಿರಾಕಿಗೆ, ಎಂದರೆ ಸಹಕಾರ ಸಂಘಕ್ಕೆ, ಪಂಚಾಯಿತಿಗೆ, ಗೂಡಿನ ಮಾರುಕಟ್ಟೆಗೆ, ಇಳಿದುಬರಲು ಯಾವ ಕಾರಣವೂ ಇರಲಿಲ್ಲ. ಅವರು ಮುದ್ರೆಯನ್ನು ಕೇಳುವವರಲ್ಲ, ಕೇಳಿದರೂ ಅದರ ಬೆಲೆಯನ್ನು ತೆರುವ ಶಕ್ತಿ ಅವರಿಗಿಲ್ಲ.

ಸಂಶೋಧನೆ ಬಳಕೆಗೆ ಬರುವಲ್ಲಿ ಅದರ ಸತ್ಯಕ್ಕಿಂತ ಅದು ಬಂದು ನಿಲ್ಲುವ ಸ್ಥಳ ಮತ್ತು ಸಮಯ ಎಷ್ಟು ನಿರ್ಣಾಯಕವೆಂಬುದಕ್ಕೆ ಇತ್ತೀಚಿನ ಒಂದು ನಿದರ್ಶನವನ್ನು ಇಲ್ಲಿ ಹೇಳಲೇಬೇಕು. ಗಣಕದ ಸ್ಮೃತಿಯನ್ನು ಕುರಿತು ತರ್ಕಿಸುವ ಒಂದು ನೂತನ ತರ್ಕಶಾಸ್ತ್ರವನ್ನು ಪೀಟರ್ ಓಹರ್ನ್, ಜಾನ್ ರೆನಾಲ್ಡ್ಸ್ ಮೊದಲಾದವರು ಈ ಶತಮಾನದ ಆರಂಭದಲ್ಲಿ ಬೆಳೆಸಿದರು. ಅದನ್ನು ಆಧರಿಸಿದ ಇನ್ಫರ್ ಎಂಬ ದೋಷಶೋಧಕ ಉಪಕರಣ 2013ರಲ್ಲಿ ಫೇಸ್‌ಬುಕ್ಕಿನ ಒಳಕ್ಕೆ ಬಂತು. ಮೊದಲು ಅದನ್ನು ರಾತ್ರಿಯೆಲ್ಲ ಓಡಿಸಿ, ಕಂಡ ದೋಷಗಳ ಪಟ್ಟಿಯನ್ನು ಎಂಜಿನಿಯರುಗಳ ಮುಂದಿಟ್ಟಾಗ ಅವರು ತಿದ್ದಿದ ದೋಷಗಳ ಪ್ರಮಾಣ ಹೆಚ್ಚುಕಡಿಮೆ ಸೊನ್ನೆ. ಆಮೇಲೆ ಅದೇ ಉಪಕರಣವನ್ನು, ಎಂಜಿನಿಯರು ತಾನು ಆಗತಾನೆ ಬರೆದ ಬದಲಾವಣೆಯನ್ನು ಸಹೋದ್ಯೋಗಿಗಳ ಪರಿಶೀಲನೆಗೆ ಒಪ್ಪಿಸುವ ಕ್ಷಣದಲ್ಲಿಯೇ ಮಾತನಾಡುವಂತೆ ಮಾಡಿದಾಗ ಆ ಪ್ರಮಾಣ ನೂರಕ್ಕೆ ಎಪ್ಪತ್ತನ್ನು ಮೀರಿತು. ತರ್ಕ ಬದಲಾಗಲಿಲ್ಲ, ಉಪಕರಣ ಬದಲಾಗಲಿಲ್ಲ, ಎಂಜಿನಿಯರುಗಳೂ ಅವರೇ. ಬದಲಾದದ್ದು ಹೊತ್ತೊಂದೇ. ಈ ಅಂಕಿಯನ್ನು ನಮ್ಮ ವಿಶ್ವವಿದ್ಯಾನಿಲಯಗಳ ಪ್ರತಿಯೊಂದು ಸಂಶೋಧನಾ ವಿಭಾಗದಲ್ಲಿಯೂ ಬರೆದಿಡಬೇಕೆಂದು ನನಗೆ ಅನ್ನಿಸುತ್ತದೆ.

ಇಂತಹುದೇ ಇನ್ನೊಂದು ಕಥೆ ಬೆಂಗಳೂರಿಗೆ ಸ್ವಲ್ಪ ಹತ್ತಿರದ್ದು. ವಿಂಡೋಸ್ ಗಣಕಗಳು ಹಠಾತ್ತಾಗಿ ನಿಂತುಹೋಗುವುದಕ್ಕೆ ಮುದ್ರಕ, ಮೌಸ್ ಮುಂತಾದ ಸಾಧನಗಳನ್ನು ನಡೆಸುವ ಡ್ರೈವರುಗಳ ದೋಷವೇ ಬಹುಮಟ್ಟಿಗೆ ಕಾರಣವೆಂದು ಕಂಡು, ಮೈಕ್ರೋಸಾಫ್ಟಿನ ಸಂಶೋಧಕರಾದ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ, ಆ ತಂತ್ರಾಂಶಗಳು ನಿಯಮವನ್ನು ಮೀರುತ್ತವೆಯೋ ಇಲ್ಲವೋ ಎಂಬುದನ್ನು ಓಡಿಸಿ ನೋಡದೆಯೇ ಗಣಿತದಿಂದ ಪರೀಕ್ಷಿಸುವ ಸ್ಲ್ಯಾಮ್ ಎಂಬ ಉಪಕರಣವನ್ನು ರಚಿಸಿದರು. ಅದು ವಿಂಡೋಸಿನ ಡ್ರೈವರ್ ಬರೆಯುವವರ ಕೈಗೆ ಸಿಕ್ಕುವ ಸಾಧನವಾದದ್ದು, ಯಾವ ನಿಯಮಗಳು ಮುಖ್ಯವೆಂಬುದನ್ನು ಆ ಕೆಲಸ ಬಲ್ಲವರಿಂದಲೇ ಕೇಳಿ ಬರೆದುಕೊಂಡ ಮೇಲೆ, ಅದನ್ನು ಪೋಷಿಸುವುದಕ್ಕೆ ಉತ್ಪಾದನಾ ವಿಭಾಗದಲ್ಲಿಯೇ ಬೇರೊಂದು ತಂಡ ನಿಂತ ಮೇಲೆ. ರಾಜಮಣಿಯವರು ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯಕ್ಕೆ ಬಂದು ಅದರ ನೇತೃತ್ವ ವಹಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಗಣಕವಿಜ್ಞಾನ ವಿಭಾಗದಲ್ಲಿಯೂ ತಂತ್ರಾಂಶದ ವಿಶ್ಲೇಷಣೆಯನ್ನು ಕುರಿತು ಪ್ರಥಮ ದರ್ಜೆಯ ಕೆಲಸ ವರ್ಷಗಳಿಂದ ನಡೆಯುತ್ತಿದೆ. ವಿದ್ಯೆಯ ಬಡತನ ನಮಗಿಲ್ಲ. ಕುದೇರಿನಿಂದ ಅರ್ಧ ದಿನದ ಪ್ರಯಾಣದೊಳಗೆ ಆ ವಿದ್ಯೆ ಇದೆ.

ಈಗ ಹಾಲಿನ ಸಂಘಕ್ಕೆ ಬರೋಣ. ಹಾಲಿನ ಕೊಬ್ಬನ್ನು ಅಳೆಯುವ ಸುಲಭ ವಿಧಾನಗಳನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬ್ಯಾಬ್‌ಕಾಕ್, ಸ್ವಿಟ್ಜರ್ಲೆಂಡಿನ ಗರ್ಬರ್ ಎಂಬ ಇಬ್ಬರು 1890ರ ಆಸುಪಾಸಿನಲ್ಲಿ ಕಂಡುಹಿಡಿದರು. ನೀರು ಬೆರೆಸಿದವನಿಗೂ ಬೆರೆಸದವನಿಗೂ ಒಂದೇ ಬೆಲೆ ಕೊಡುವ ಅನ್ಯಾಯ ಅದರಿಂದ ಕೊನೆಗೊಂಡಿತು. ಗರ್ಬರನ ಗಾಜಿನ ಕೊಳವೆ ನಮ್ಮ ಸಂಘಗಳಲ್ಲಿಯೂ ದಶಕಗಳ ಕಾಲ ನ್ಯಾಯದ ತಕ್ಕಡಿಯಾಗಿತ್ತು. ಅದನ್ನು ಎಲ್ಲರೂ ನೋಡಬಹುದಾಗಿತ್ತು. ಕೊಳವೆಯೊಳಗಿನ ಕೊಬ್ಬಿನ ಗೆರೆ ಎಲ್ಲಿ ನಿಂತಿದೆಯೆಂಬುದನ್ನು ಹಾಲು ತಂದ ಹೆಣ್ಣುಮಗಳೂ ಕಾರ್ಯದರ್ಶಿಯೂ ಒಟ್ಟಿಗೆ ಓದಬಹುದಾಗಿತ್ತು. ಇಂದು ಬಹುತೇಕ ಕಡೆ ವಿದ್ಯುನ್ಮಾನ ಯಂತ್ರ ಫ್ಯಾಟನ್ನೂ ಎಸ್‌ಎನ್‌ಎಫ್ ಎಂದು ಕರೆಯುವ ಘನಾಂಶವನ್ನೂ ಅಳೆಯುತ್ತದೆ, ತೂಕದ ಯಂತ್ರ ಪ್ರಮಾಣವನ್ನು ಹೇಳುತ್ತದೆ, ಇವೆರಡನ್ನೂ ತಂತ್ರಾಂಶ ಕೂಡಿಸಿ ದರಪಟ್ಟಿಯಲ್ಲಿ ಹುಡುಕಿ ಚೀಟಿಯನ್ನು ಮುದ್ರಿಸುತ್ತದೆ. ಬಟವಾಡೆಯ ದಿನ ಖಾತೆಗೆ ಬೀಳುವ ಹಣ ಆ ಚೀಟಿಗಳ ಮೊತ್ತ. ವೇಗ, ಶುಚಿತ್ವ, ಲೆಕ್ಕದ ಶಿಸ್ತು ಎಲ್ಲ ಹೆಚ್ಚಿದೆ, ನಿಜ. ಆದರೆ ಗೆರೆಯನ್ನು ಇಬ್ಬರೂ ಒಟ್ಟಿಗೆ ಓದುವ ಅವಕಾಶ ಹೋಯಿತು. ಲೆಕ್ಕ ಮಾಡುವ ಸೂತ್ರ ಪೆಟ್ಟಿಗೆಯ ಒಳಗೆ ಸೇರಿಕೊಂಡಿತು. ಆದ್ದರಿಂದ ಆ ಸೂತ್ರ ಸರಿಯಾಗಿದೆಯೆಂಬ ಭರವಸೆಯನ್ನು ಯಾರಾದರೊಬ್ಬರು ಶಾಸ್ತ್ರೀಯವಾಗಿ ಕೊಡಬೇಕಾದುದು ಈಗ ಮೊದಲಿಗಿಂತ ಹೆಚ್ಚು ಅಗತ್ಯ.

ಇಲ್ಲಿ ಒಂದು ಸಣ್ಣ ಉದಾಹರಣೆಯನ್ನು ಸಾವಧಾನವಾಗಿ ನೋಡೋಣ, ಏತಕ್ಕೆಂದರೆ ಇಡೀ ಸಮಸ್ಯೆ ಇದರಲ್ಲಿ ಅಡಗಿದೆ. ಹಸುವಿನ ಹಾಲಿಗೆ ಆಧಾರವಾಗಿ ಹಿಡಿಯುವ ಮಟ್ಟ ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಎಂದಿಟ್ಟುಕೊಳ್ಳೋಣ. ಯಂತ್ರ ಎರಡು ದಶಮಾಂಶ ಸ್ಥಾನಗಳವರೆಗೆ ಅಳೆದು, ದರಪಟ್ಟಿ ಒಂದೇ ಸ್ಥಾನಕ್ಕೆ ಇದ್ದರೆ, ನಡುವಿನ ಅಂಕಿಯನ್ನು ಪೂರ್ಣಗೊಳಿಸಬೇಕಾಗುತ್ತದೆ. ಗಣಕ ಸಾಮಾನ್ಯವಾಗಿ ದಶಮಾಂಶಗಳನ್ನು ದ್ವಿಮಾನ ಪದ್ಧತಿಯಲ್ಲಿ ಇರಿಸಿಕೊಳ್ಳುತ್ತದೆ; ಆ ಪದ್ಧತಿಯಲ್ಲಿ 3.45 ಎಂಬ ಸಂಖ್ಯೆಯನ್ನಾಗಲಿ 8.45 ಎಂಬುದನ್ನಾಗಲಿ ಪೂರ್ತಿ ನಿಖರವಾಗಿ ಬರೆಯುವುದಕ್ಕೆ ಸಾಧ್ಯವೇ ಇಲ್ಲ. ಈಗ ಎಲ್ಲೆಡೆ ಬಳಕೆಯಲ್ಲಿರುವ 64 ಬಿಟ್‌ಗಳ ರೂಪದಲ್ಲಿ 3.45 ತನ್ನ ನಿಜಬೆಲೆಗಿಂತ ಕೂದಲೆಳೆಯಷ್ಟು ಮೇಲೆಯೂ, 8.45 ಹಾಗೆಯೇ ತುಸು ಕೆಳಗೂ ನಿಲ್ಲುತ್ತದೆ. ಎಚ್ಚರವಿಲ್ಲದೆ ಬರೆದ ತಂತ್ರಾಂಶ ಮೊದಲನೆಯದನ್ನು 3.5 ಎಂದು ಏರಿಸಿ, ಎರಡನೆಯದನ್ನು 8.4 ಎಂದು ಇಳಿಸಬಹುದು. ಇಳಿದುದು ಆಧಾರದ ಮಟ್ಟದ ಆಚೆಬದಿಗೆ ಬಿದ್ದರೆ ಹಾಲು ಕೊಟ್ಟವನಿಗೆ ಅಷ್ಟರಮಟ್ಟಿಗೆ ನಷ್ಟ. ಏರಿದುದು ಒಕ್ಕೂಟಕ್ಕೆ ನಷ್ಟ. ಒಬ್ಬನ ಪಾಲಿಗೆ ಪೈಸೆಗಳ ಮಾತು, ಜಿಲ್ಲೆಯ ಹಾಲಿಗೆಲ್ಲ ಗುಣಿಸಿದರೆ ಬೇರೆ ಮಾತು. ಇದನ್ನು ತಪ್ಪಿಸುವ ಬಗೆಯೂ ಅತಿ ಸರಳ: ಹಣವನ್ನೂ ಅಳತೆಯನ್ನೂ ಪೂರ್ಣಾಂಕಗಳಲ್ಲಿ ಎಣಿಸಬೇಕು, ಇಲ್ಲವೆ ದಶಮಾಂಶ ಗಣಿತವನ್ನೇ ಬಳಸಬೇಕು. ಈ ವಿಷಯ ವಿದ್ವಾಂಸರಿಗೆ ಹೊಸದಲ್ಲ. ದ್ವಿಮಾನ ಗಣಿತದ ಅಂತರರಾಷ್ಟ್ರೀಯ ಪ್ರಮಾಣ ಸಿದ್ಧವಾದದ್ದು 1985ರಲ್ಲಿ. ಡೇವಿಡ್ ಗೋಲ್ಡ್‌ಬರ್ಗ್ ಅದರ ಅಪಾಯಗಳನ್ನೆಲ್ಲ ವಿಸ್ತಾರವಾಗಿ ವಿವರಿಸಿದ ಪ್ರಬಂಧ 1991ರದು. 2008ರ ಪರಿಷ್ಕರಣದಲ್ಲಿ ದಶಮಾಂಶ ರೂಪಗಳೂ ಸೇರಿದವು. ಪರೀಕ್ಷಿಸುವವನು ಮೆಟ್ಟಿಲಿನ ಅಂಚಿನಲ್ಲಿರುವ ಬೆಲೆಗಳನ್ನೇ ಮೊದಲು ಆರಿಸಿಕೊಳ್ಳಬೇಕೆಂಬ ಬೋಧನೆಯಂತೂ ಗ್ಲೆನ್‌ಫರ್ಡ್ ಮೈಯರ್ಸ್ 1979ರಲ್ಲಿ ಬರೆದ ಪುಸ್ತಕದಲ್ಲಿಯೇ ಇದೆ. ಅಂಚಿನ ಹತ್ತಿಪ್ಪತ್ತು ಅಂಕಿಗಳನ್ನು ಬರೆದುಕೊಂಡು ಒಂದು ಬೆಳಗ್ಗೆ ಪರೀಕ್ಷಿಸಿದರೆ ಈ ದೋಷ ಇದೆಯೋ ಇಲ್ಲವೋ ಎಂಬುದು ಗೊತ್ತಾಗಿಬಿಡುತ್ತದೆ. ಆ ಪರೀಕ್ಷೆ ಸಂಘದ ಕಾರ್ಯದರ್ಶಿಯ ಕೆಲಸವಲ್ಲ. ಪ್ರಬಂಧ ಬರೆಯುವ ಪ್ರಾಧ್ಯಾಪಕನಿಗೆ ಅದರಲ್ಲಿ ಹೊಸತೇನೂ ಕಾಣದು. ಅಗ್ಗದ ಬೆಲೆಗೆ ತಂತ್ರಾಂಶ ಒದಗಿಸುವ ಸಣ್ಣ ಕಂಪನಿಗೆ ಪುರಸತ್ತಿಲ್ಲ. ಮೂವರಲ್ಲಿ ಯಾರೂ ದೋಷಿಗಳಲ್ಲ. ಆದರೂ ಆ ಬೆಳಗಿನ ಕೆಲಸಕ್ಕೆ ಯಾರೂ ಇಲ್ಲ.

ಉದ್ಯಮದವರು ಹೇಳುವ ಮಾತೊಂದಿದೆ: ವಿಶ್ವವಿದ್ಯಾನಿಲಯದ ಸಂಶೋಧನೆ ಆಟಿಕೆಯಂತಹ ಸಣ್ಣ ಸಮಸ್ಯೆಗಳ ಮೇಲೆ ನಡೆಯುತ್ತದೆ, ನಮ್ಮ ಲಕ್ಷಾಂತರ ಸಾಲುಗಳ ಮುಂದೆ ಅದು ನಿಲ್ಲದು ಎಂದು. ಸಂಶೋಧಕರ ಪ್ರತ್ಯುತ್ತರವೂ ಇದೆ: ನಿಜವಾದ ತಂತ್ರಾಂಶವನ್ನು, ನಿಜವಾದ ದೋಷಗಳ ದಾಖಲೆಯನ್ನು ನೀವು ನಮಗೆ ತೋರಿಸುವುದೇ ಇಲ್ಲವಲ್ಲ ಎಂದು. ಎರಡರಲ್ಲಿಯೂ ಸತ್ಯಾಂಶವಿದೆ. ಕಾಲಿನ್ ಪಾಟ್ಸ್ 1993ರಲ್ಲಿಯೇ ಇದನ್ನು ಗುರುತಿಸಿ, ಮೊದಲು ಸಂಶೋಧಿಸಿ ಆಮೇಲೆ ಸಾಗಿಸುವ ಕ್ರಮವನ್ನು ಬಿಟ್ಟು ಉದ್ಯಮವನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಳ್ಳಬೇಕೆಂದು ವಾದಿಸಿದರು. ಸ್ವೀಡನ್ನಿನ ಟೋನಿ ಗೋರ್ಷೆಕ್ ಮತ್ತು ಸಂಗಡಿಗರು 2006ರಲ್ಲಿ, ಸಮಸ್ಯೆಯನ್ನು ಕಂಪನಿಯ ಒಳಗಿನಿಂದಲೇ ಎತ್ತಿಕೊಂಡು, ಪರಿಹಾರವನ್ನು ಮೊದಲು ವಿದ್ಯಾಲಯದಲ್ಲಿ, ಆಮೇಲೆ ಕಂಪನಿಯವರ ಮುಂದೆ ಮಾತಿನಲ್ಲಿ, ಆಮೇಲೆ ಒಂದು ಸಣ್ಣ ಕೆಲಸದಲ್ಲಿ ಪರೀಕ್ಷಿಸಿ, ಕೊನೆಗೆ ಮಾತ್ರ ಎಲ್ಲೆಡೆ ಹರಡುವ ಒಂದು ಕ್ರಮವನ್ನು ತಮ್ಮ ಅನುಭವದಿಂದ ನಿರೂಪಿಸಿದರು. ಜ್ವರ ದಾಟಿಸುವ ಕ್ರಮವೇ ಅದು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ತಳಿಯೆಂಬುದು ಕೈಯಲ್ಲಿ ಹಿಡಿದು ಕೊಡಬಹುದಾದ ವಸ್ತು, ಅದರ ಗುಣ ಅದರೊಳಗೇ ಇರುತ್ತದೆ. ತಂತ್ರಾಂಶದ ಸಂಶೋಧನೆಯಾದರೋ ಬಹುಮಟ್ಟಿಗೆ ಕೆಲಸ ಮಾಡುವ ರೀತಿಯನ್ನು ಕುರಿತದ್ದು, ಅದನ್ನು ತಟ್ಟೆಯಲ್ಲಿಟ್ಟು ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಈ ಭೇದವನ್ನು ನಾನು ಒಪ್ಪುತ್ತೇನೆ. ಆದರೆ ರೇಷ್ಮೆಯಲ್ಲಿಯೂ ಸಾಗಿದ್ದು ಮೊಟ್ಟೆಯೊಂದೇ ಅಲ್ಲ. ಕೊಠಡಿಯನ್ನು ತೊಳೆಯುವ ಕ್ರಮ, ಹಾಸಿಗೆ ಬದಲಿಸುವ ಹೊತ್ತು, ಜ್ವರದಲ್ಲಿರುವ ಹುಳುವಿಗೆ ಸೊಪ್ಪು ಹಾಕಬಾರದೆಂಬ ಎಚ್ಚರ, ಇವೆಲ್ಲ ರೀತಿಗಳೇ, ಇವಿಲ್ಲದೆ ಮೊಟ್ಟೆ ವ್ಯರ್ಥ. ವಸ್ತುವಿಗಿಂತ ರೀತಿಯನ್ನು ಸಾಗಿಸುವುದು ಕಷ್ಟವೆಂಬುದೇ, ಅದನ್ನು ಸಾಗಿಸುವುದಕ್ಕೆ ಮನುಷ್ಯರು ಬೇಕೆಂಬುದಕ್ಕೆ ಆಧಾರ. ಪ್ರಬಂಧವನ್ನು ಮುದ್ರಿಸಿದ ಮಾತ್ರಕ್ಕೆ ರೀತಿ ಸಾಗದು.

ಇಂತಹ ಮಧ್ಯದ ಮನೆಗಳು ಜಗತ್ತಿನಲ್ಲಿ ಇಲ್ಲದಿಲ್ಲ. ಅಮೆರಿಕದ ನಾಸಾ ತನ್ನ ಗಾಡರ್ಡ್ ಕೇಂದ್ರದಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯ ಮತ್ತು ತಂತ್ರಾಂಶ ಬರೆಯುವ ಒಂದು ಕಂಪನಿಯೊಡನೆ ಸೇರಿ, 1976ರಲ್ಲಿ ಒಂದು ಪ್ರಯೋಗಾಲಯವನ್ನು ತೆರೆಯಿತು. ಇಪ್ಪತ್ತೈದು ವರ್ಷ ನಡೆದ ಅದರಲ್ಲಿ ವಿಕ್ಟರ್ ಬ್ಯಾಸಿಲಿಯಂತಹ ವಿದ್ವಾಂಸರು ಉಪಗ್ರಹಗಳ ನಿಜವಾದ ತಂತ್ರಾಂಶ ಬರೆಯುವವರ ಪಕ್ಕದಲ್ಲಿ ನಿಂತು, ಯಾವ ಪದ್ಧತಿಯಿಂದ ದೋಷ ತಗ್ಗಿತು, ಯಾವುದರಿಂದ ತಗ್ಗಲಿಲ್ಲ ಎಂಬುದನ್ನು ಅಳೆದು ಬರೆದಿಟ್ಟರು. ಬ್ಯಾಸಿಲಿಯವರೊಡನೆ ಕೆಲಸ ಮಾಡಿದ ಡೀಟರ್ ರೋಂಬಾಖ್ ಜರ್ಮನಿಗೆ ಹಿಂದಿರುಗಿ ಕೈಸರ್ಸ್‌ಲೌಟರ್ನ್ ಎಂಬ ಊರಿನಲ್ಲಿ, ಫ್ರೌನ್‌ಹೋಫರ್ ಸಂಘದ ಆಶ್ರಯದಲ್ಲಿ, ಸಣ್ಣ ದೊಡ್ಡ ಉದ್ಯಮಗಳಿಗೆ ಈ ವಿದ್ಯೆಯನ್ನು ಮುಟ್ಟಿಸುವುದೇ ಉದ್ದೇಶವಾದ ಸಂಸ್ಥೆಯೊಂದನ್ನು ಕಟ್ಟಿದರು. ನಮ್ಮ ಕೇಂದ್ರ ಸರ್ಕಾರದಲ್ಲಿಯೂ ತಂತ್ರಾಂಶಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎಸ್‌ಟಿಕ್ಯೂಸಿ ಎಂಬ ನಿರ್ದೇಶನಾಲಯವಿದೆ. ಅದರ ಕೆಲಸಕ್ಕೆ ನನ್ನ ಗೌರವವಿದೆ. ಆದರೆ ಅದು ಪರೀಕ್ಷಕ. ಪರೀಕ್ಷೆಗೆ ಮೊದಲು ಪಾಠ ಹೇಳುವವನು ಬೇರೆ ಬೇಕು.

ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯೂ ಮೈಸೂರಿನ ಕಾಲೇಜುಗಳಲ್ಲಿಯೂ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರತಿ ವರ್ಷವೂ ಪ್ರಾಜೆಕ್ಟ್ ಮಾಡಲೇಬೇಕು. ಆ ಶ್ರಮ ಎಷ್ಟೋ ಸಲ ಯಾರೂ ಬಳಸದ ತಂತ್ರಾಂಶವನ್ನು ಹೊಸದಾಗಿ ಬರೆಯುವುದರಲ್ಲಿ ವ್ಯಯವಾಗುತ್ತದೆ. ಅದಕ್ಕೆ ಬದಲಾಗಿ, ಈಗಾಗಲೇ ಸಂಘಗಳಲ್ಲಿ ನಡೆಯುತ್ತಿರುವ ಹಾಲಿನ ಲೆಕ್ಕದ ತಂತ್ರಾಂಶವನ್ನು, ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜಿನ ತಂತ್ರಾಂಶವನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸುವುದನ್ನೇ ಪ್ರಾಜೆಕ್ಟಾಗಿ ಒಪ್ಪಿಕೊಳ್ಳಬಹುದು. ಕುದೇರಿನ ಒಕ್ಕೂಟ ಒಂದು ಕೊಠಡಿಯನ್ನೂ, ಪರೀಕ್ಷೆಗಾಗಿ ಬೇರೆಯಾಗಿರಿಸಿದ ಒಂದು ಜೊತೆ ಯಂತ್ರಗಳನ್ನೂ ಒದಗಿಸಿದರೆ ಆರಂಭಕ್ಕೆ ಸಾಕು. ವಿಜ್ಞಾನ ಸಂಸ್ಥೆಯಿಂದಲೋ ಬೆಂಗಳೂರಿನ ಕಂಪನಿಗಳ ಸಂಶೋಧನಾಲಯಗಳಿಂದಲೋ ವರ್ಷಕ್ಕೊಬ್ಬ ಹಿರಿಯರು ಕೆಲವು ತಿಂಗಳು ಬಂದಿರಬೇಕು. ಆ ತಿಂಗಳುಗಳು ಅವರ ಸೇವಾದಾಖಲೆಯಲ್ಲಿ ಒಂದು ಪ್ರಬಂಧದಷ್ಟೇ ಬೆಲೆಯುಳ್ಳವೆಂದು ವಿಶ್ವವಿದ್ಯಾನಿಲಯಗಳು ಒಪ್ಪಬೇಕು. ಇದು ನೆರವೇರದಿದ್ದರೆ ಉಳಿದುದೆಲ್ಲ ಒಂದೆರಡು ವರ್ಷಗಳಲ್ಲಿ ಸೊರಗುತ್ತದೆ, ಏತಕ್ಕೆಂದರೆ ಬಡ್ತಿ ಎಲ್ಲಿಂದ ಬರುವುದೋ ಅಲ್ಲಿಗೆ ಮನುಷ್ಯನ ಶ್ರಮ ಹೋಗುವುದು ಸ್ವಾಭಾವಿಕ, ಅದಕ್ಕಾಗಿ ಅವನನ್ನು ನಿಂದಿಸಲಾಗದು.

ತಂತ್ರಾಂಶ ಒದಗಿಸುವ ಸಣ್ಣ ಕಂಪನಿಗಳ ಭಯವನ್ನೂ ಮೊದಲೇ ನಿವಾರಿಸಬೇಕು. ತಮ್ಮ ಮೂಲಪಠ್ಯ ಬೇರೆಯವರ ಕೈಸೇರುವುದೆಂಬ, ದೋಷ ಸಿಕ್ಕರೆ ಟೆಂಡರು ಕೈತಪ್ಪುವುದೆಂಬ ಅಂಜಿಕೆ ಅವರಿಗೆ ಇದ್ದೇ ಇರುತ್ತದೆ. ಆದುದರಿಂದ ಅಂಚಿನ ಬೆಲೆಗಳ ಪರೀಕ್ಷೆಯಂತಹ, ಮೂಲಪಠ್ಯವನ್ನು ಕೇಳದೆ ಹೊರಗಿನಿಂದಲೇ ಮಾಡಬಹುದಾದ ಕೆಲಸದಿಂದ ಪ್ರಾರಂಭಿಸುವುದು ವಿವೇಕ. ಕಂಡ ದೋಷದ ವರದಿ ಮೊದಲು ತಯಾರಕರಿಗೆ ಹೋಗಬೇಕು, ತಿದ್ದುವುದಕ್ಕೆ ತಕ್ಕ ಕಾಲಾವಕಾಶವೂ ಇರಬೇಕು, ಆ ಬಳಿಕ ಅದು ಒಕ್ಕೂಟಕ್ಕೆ ಹೋಗಬೇಕು ಎಂಬ ಕರಾರನ್ನು ಆರಂಭದಲ್ಲಿಯೇ ಬರೆದುಕೊಳ್ಳಬೇಕು. ಸಿದ್ಧವಾದ ಪರೀಕ್ಷೆಗಳ ಪಟ್ಟಿಯಾದರೋ ಯಾರ ಸ್ವತ್ತೂ ಆಗದೆ ಎಲ್ಲರಿಗೂ ತೆರೆದಿರಬೇಕು, ಮುಂದಿನ ಟೆಂಡರಿನ ಷರತ್ತುಗಳಲ್ಲಿ ಅದನ್ನೇ ಸೇರಿಸಬೇಕು. ಹಾಗೆ ಮಾಡಿದರೆ ಮಂಡ್ಯದ, ಹಾಸನದ, ತುಮಕೂರಿನ ಒಕ್ಕೂಟಗಳೂ ಅದೇ ಪಟ್ಟಿಯನ್ನು ತೆಗೆದುಕೊಂಡು, ತಮ್ಮ ದರಪಟ್ಟಿಗೆ ಹೊಂದಿಸಿ, ತಮ್ಮಲ್ಲಿ ಕಂಡ ಹೊಸ ಅಂಚುಗಳನ್ನು ಅದಕ್ಕೆ ಸೇರಿಸುತ್ತ ಹೋಗಬಹುದು.